ಕಿಮೋ ಜಿಲ್ಲಾಸ್ಪತ್ರೆಗೆ ಬಂದ ದಾರಿ

ವಿಜಯಪುರದಿಂದ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದು, ಆಸ್ಪತ್ರೆಯ ಕಟ್ಟೆ ಮೇಲೆ ಕೂತು ನಮ್ಮ ಚಿಗವ್ವ ರೊಟ್ಟಿ ಗಂಟು ಬಿಚ್ಚುತ್ತಿದ್ದಳು. 21 ದಿನಕ್ಕೊಂದು ಕಿಮೋ, ಅಂದರೆ ನರಕ್ಕೆ ಏರಿಸುವ ಕ್ಯಾನ್ಸರ್ ಔಷಧ. ಮೊದಲು ರಕ್ತ ಪರೀಕ್ಷೆ. ಬಿಳಿ ರಕ್ತಕಣ ಇಳಿದಿದ್ದರೆ ‘ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ’. ಎರಡು ಸಲ ಹಾಗೇ ತಿರುಗಿ ಹೋದಳು. ಆಗ ಕೇಳಿದ್ದಳು: “ಈ ಬಾಟ್ಲಿ ನಮ್ಮೂರ ದವಾಖಾನ್ಯಾಗ ಏರಸಾಕ ಬರೂದಿಲ್ಲೇನಪಾ?”

ಆ ಪ್ರಶ್ನೆಗೆ ಉತ್ತರ ಹುಡುಕಲು ಹಿಂದಕ್ಕೆ ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಹುಬ್ಬಳ್ಳಿಯ ನವನಗರದಲ್ಲೊಂದು ಆಸ್ಪತ್ರೆ ಬಂತು, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ತೆರೆಯಿತು. ಆದರೂ ರಾಜ್ಯದ ಬಹುಪಾಲು ಬಡವರಿಗೆ ಕ್ಯಾನ್ಸರ್ ಎಂದರೆ ಬೆಂಗಳೂರೇ.

ಇದಕ್ಕೆ ಕಾರಣ ಯಂತ್ರ. ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆಗೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ದುಬಾರಿ ಯಂತ್ರ, ತರಬೇತಾದ ಭೌತವಿಜ್ಞಾನಿ ಎಲ್ಲ ಬೇಕು. ಅದನ್ನು ಊರೂರಿಗೆ ಕಟ್ಟಲಾಗದು. ತಜ್ಞರೂ ಆ ಯಂತ್ರದ ಸುತ್ತಲೇ ನೆಲೆಸಿದರು, ಅವರ ಜೊತೆ ಕಿಮೋ ಕೂಡ ಅಲ್ಲೇ ಉಳಿಯಿತು. ಆದರೆ ಕಿಮೋಗೆ ಆ ಗೋಡೆ ಬೇಕಿಲ್ಲ. ಔಷಧ ಸುರಕ್ಷಿತವಾಗಿ ಬೆರೆಸುವ ವ್ಯವಸ್ಥೆ, ಒಂದು ಹಗಲಿನ ಮಟ್ಟಿಗೆ ಹಾಸಿಗೆ, ನರದಿಂದ ಔಷಧ ಹೊರಗೆ ಸೋರಿದರೆ ತಕ್ಷಣ ಗುರುತಿಸುವ ನರ್ಸ್, ಜ್ವರ ಬಂದರೆ ನೋಡುವ ವೈದ್ಯರು ಇದ್ದರೆ ಅನೇಕ ಬಗೆಯ ಕಿಮೋವನ್ನು ಜಿಲ್ಲಾಸ್ಪತ್ರೆಯಲ್ಲೇ ಕೊಡಬಹುದು. ಇಷ್ಟನ್ನು ಎಂದೋ ಮಾಡಬಹುದಿತ್ತು ಎಂಬುದೇ ನನ್ನ ಸಂಕಟ.

2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಗಳ ಆಸ್ಪತ್ರೆ ಬಿಲ್ಲಿನ ಭಾರ ಇಳಿಸಿತು, ನಿಜ. ಆದರೆ ಜೊತೆಗೆ ಬಂದ ಮಗನ ಕೂಲಿ ಹೋದದ್ದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಎರಡು-ಮೂರು ಸೈಕಲ್ (ಕಿಮೋದ ಒಂದೊಂದು ಸುತ್ತು) ಆದಮೇಲೆ ಬರುವುದನ್ನೇ ನಿಲ್ಲಿಸುವವರಿದ್ದಾರೆ.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರ ತೆರೆಯಿತು. ಯಾವ ಔಷಧ, ಎಷ್ಟು ಸೈಕಲ್ ಎಂಬುದನ್ನು ದೊಡ್ಡ ಕೇಂದ್ರದ ತಜ್ಞರು ನಿರ್ಧರಿಸುತ್ತಾರೆ, ಮುಂದಿನ ಬಾಟ್ಲಿ ಜಿಲ್ಲೆಯಲ್ಲಿ ಏರುತ್ತದೆ. ಕೌಂಟ್ ಕಡಿಮೆಯಾದರೆ ಮನೆಗೆ ಹೋಗಿ ಮುಂದಿನ ವಾರ ಬಂದರಾಯಿತು.

ಮನೆ ಬಾಗಿಲಿನ ಕೆಲಸವೂ ಶುರುವಾಗಿದೆ. 2024ರ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ತಂಬಾಕು ಇಡುವವರ ಕೆನ್ನೆಯೊಳಗಿನ ಬಿಳಿ ಮಚ್ಚೆ ಆಶಾ ಕಾರ್ಯಕರ್ತೆಯ ಟಾರ್ಚಿಗೆ ಬಿದ್ದರೆ ಕಿಮೋದ ಮಾತೇ ಬರದಿರಬಹುದು.

ಹಿಂದೆ ಬಿದ್ದಿರುವುದು ನೋವಿನ ಉಪಶಮನ. ತೀವ್ರ ನೋವು ತಗ್ಗಿಸುವ ಔಷಧ ಮಾರ್ಫಿನ್ ಮೇಲೆ 1985ರ ಮಾದಕವಸ್ತು ಕಾಯ್ದೆ ಹಾಕಿದ್ದ ಬಿಗಿ 2014ರ ತಿದ್ದುಪಡಿಯಿಂದ ಸಡಿಲವಾಯಿತು. ಅಷ್ಟಾದರೂ ಹಳ್ಳಿಯಲ್ಲಿ ಕೊನೆಯ ದಿನ ಎಣಿಸುತ್ತಿರುವವರ ಮನೆಯವರು ಆ ಮಾತ್ರೆಗಾಗಿ ಇನ್ನೂ ದೂರದೂರಿಗೆ ಬಸ್ಸು ಹತ್ತುತ್ತಾರೆ.