ಪಿ5ಸಿಎಸ್ ‘ಬರ ನಿರೋಧಕ ಜೀನ್’ ಅಲ್ಲ

ನೀರು ಕಡಿಮೆಯಾದಾಗ ಗಿಡದಲ್ಲಿ ಯಾವುದಾದರೂ ಜೀನ್ ಚುರುಕಾಯಿತು ಅಂದರೆ ಸಾಕು, ಅದಕ್ಕೆ ‘ಬರ ನಿರೋಧಕ ಜೀನ್’ ಅಂತ ಬಿರುದು ಸಿಕ್ಕಿಬಿಡುತ್ತದೆ. ಪಿ5ಸಿಎಸ್‌ಗೆ ಈ ಬಿರುದು ಎಷ್ಟು ಸಲ ಸಿಕ್ಕಿದೆಯೋ! ಇದರ ಕೆಲಸ ಮಾತ್ರ ಬೇರೆಯೇ.

ಪೂರ್ತಿ ಹೆಸರು ಡೆಲ್ಟಾ-1-ಪಿರೋಲಿನ್-5-ಕಾರ್ಬಾಕ್ಸಿಲೇಟ್ ಸಿಂಥಟೇಸ್. ಇದು ಒಂದು ಕಿಣ್ವದ, ಅಂದರೆ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್‌ನ ಹೆಸರು. ಅದನ್ನು ಕಟ್ಟುವ ಸೂಚನೆ ಇರುವ ಜೀನ್‌ಗೂ ಅದೇ ಹೆಸರು. ಸಂಶೋಧನಾ ಲೇಖನಗಳಲ್ಲಿ ಜೀನನ್ನು ಓರೆ ಅಕ್ಷರದಲ್ಲಿ, ಕಿಣ್ವವನ್ನು ನೇರ ಅಕ್ಷರದಲ್ಲಿ ಬರೆಯುತ್ತಾರೆ. ಸುದ್ದಿಯಾಗಿ ಬರುವಾಗ ಆ ಓರೆ ಹೋಗುತ್ತದೆ, ಜೊತೆಗೆ ವ್ಯತ್ಯಾಸವೂ ಹೋಗುತ್ತದೆ.

ಕಿಣ್ವದ ಕೆಲಸ ಇಷ್ಟು: ಗ್ಲುಟಮೇಟ್ ಅನ್ನುವ ಅಮೈನೋ ಆಮ್ಲದಿಂದ ಪ್ರೋಲಿನ್ ತಯಾರಾಗುವ ದಾರಿಯಲ್ಲಿ ಮೊದಲ ಎರಡು ಹೆಜ್ಜೆ ಇದರದ್ದು. ಕೊನೆಯ ಹೆಜ್ಜೆಗೆ ಇನ್ನೊಂದು ಕಿಣ್ವ ಬೇಕು. ಪ್ರೋಲಿನ್ ಕೂಡ ಒಂದು ಅಮೈನೋ ಆಮ್ಲ, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು. ಉಪ್ಪು, ಬರ ತಟ್ಟಿದಾಗ ಜೀವಕೋಶದಲ್ಲಿ ನೀರು ಉಳಿಯಲು, ಪ್ರೋಟೀನ್‌ಗಳು ಕೆಡದಿರಲು ಅದು ನೆರವಾಗುತ್ತದೆ.

ಜೀನ್ ಚುರುಕಾದರೆ ಪ್ರೋಲಿನ್ ಸುರಿಯುತ್ತದೆ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಪ್ರೋಲಿನ್ ಹೆಚ್ಚಾದ ಹಾಗೆ ಅದೇ ಹೋಗಿ ಕಿಣ್ವವನ್ನು ತಡೆಯುತ್ತದೆ. ಜೀನ್ ಎಷ್ಟೇ ದುಡಿಯಲಿ, ಕಿಣ್ವ ನಿಧಾನವಾಗಬಹುದು. ಮಡಕೆ ಕಾಳಿನ ಪಿ5ಸಿಎಸ್‌ನಲ್ಲಿ 129ನೇ ಜಾಗದ ಅಮೈನೋ ಆಮ್ಲ ಒಂದನ್ನು ಬದಲಿಸಿ ಈ ತಡೆಯನ್ನು ಸಡಿಲಿಸಿದ್ದಾರೆ. ಬದಲಿಸದ ಜೀನ್ ಸೇರಿಸಿದ ತಂಬಾಕು ಗಿಡಕ್ಕಿಂತ ಬದಲಿಸಿದ್ದನ್ನು ಸೇರಿಸಿದ ಗಿಡದಲ್ಲಿ ಸುಮಾರು 2 ಪಟ್ಟು ಪ್ರೋಲಿನ್ ಸಿಕ್ಕಿತು. ಆ ಒಂದು ಜಾಗ ಬಿಟ್ಟರೆ ಸೇರಿಸಿದ್ದು ಅದೇ ಜೀನ್, ಬದಲಾಗಿದ್ದು ಕಿಣ್ವದ ನಡವಳಿಕೆ.

ಇನ್ನು ‘ಒತ್ತಡದ ಜೀನ್’, ಅಂದರೆ ಬರ, ಉಪ್ಪಿನಂಥ ಕಷ್ಟದಲ್ಲಷ್ಟೇ ಬೇಕಾಗುವ ಜೀನ್, ಅನ್ನುವ ಮಾತು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಅರಾಬಿಡೋಪ್ಸಿಸ್ ಅನ್ನುವ ಸಣ್ಣ ಗಿಡದಲ್ಲಿ ಈ ಜೀನ್ ಎರಡಿವೆ. ಪಿ5ಸಿಎಸ್1 ಬರ, ಉಪ್ಪು ತಟ್ಟಿದಾಗ ಜೋರಾಗುತ್ತದೆ. ಅದು ಕೆಟ್ಟರೆ ಗಿಡ ಉಪ್ಪನ್ನು ತಾಳಲಾರದು, ಇದನ್ನು ಒಪ್ಪಲೇಬೇಕು. ಆದರೆ ಪಿ5ಸಿಎಸ್2 ಕೆಟ್ಟರೆ ಬೀಜದೊಳಗಿನ ಭ್ರೂಣವೇ ಬೆಳೆಯುವುದಿಲ್ಲ. ಅಲ್ಲಿ ಬರವೂ ಇಲ್ಲ, ಉಪ್ಪೂ ಇಲ್ಲ. ಪ್ರೋಟೀನ್ ಕಟ್ಟಲು ಪ್ರೋಲಿನ್ ಯಾವಾಗಲೂ ಬೇಕು, ಅಲ್ವಾ?

ನನಗೆ ಹೆಚ್ಚು ಕಿರಿಕಿರಿ ತರುವುದು ‘ಪ್ರೋಲಿನ್ ಜಾಸ್ತಿ, ಆದ್ದರಿಂದ ತಳಿ ಗಟ್ಟಿ’ ಅನ್ನುವ ತೀರ್ಮಾನ. ತಂಬಾಕಿಗೆ ಮಡಕೆ ಕಾಳಿನ ಜೀನ್ ಸೇರಿಸಿದ 1995ರ ಪ್ರಯೋಗದಲ್ಲಿ ಪ್ರೋಲಿನ್ 10ರಿಂದ 18 ಪಟ್ಟು ಏರಿತ್ತು, ಗಿಡಗಳು ಬರವನ್ನೂ ಉಪ್ಪನ್ನೂ ಹೆಚ್ಚು ತಾಳಿಕೊಂಡವು. ಎಲ್ಲರೂ ಹೇಳುವುದು ಇದನ್ನೇ. ಆದರೆ 1970ರ ದಶಕದಲ್ಲಿ ಬಾರ್ಲಿಯ ಎರಡು ತಳಿಗಳನ್ನು ಹೋಲಿಸಿ ನೋಡಿದ್ದರು. ಬರಕ್ಕೆ ಬೇಗ ಸೊರಗುವ ತಳಿಯ ಎಲೆಗಳಲ್ಲೇ ಪ್ರೋಲಿನ್ ಹೆಚ್ಚಿತ್ತು. ಅದರ ಎಲೆ ಹೆಚ್ಚು ಒಣಗಿತ್ತು, ಅದಕ್ಕೇ ಪ್ರೋಲಿನ್ ಏರಿತ್ತು. ಇದನ್ನು ಯಾರೂ ಎತ್ತುವುದಿಲ್ಲ. ಜ್ವರ ಹೆಚ್ಚಿರುವವನನ್ನೇ ಗಟ್ಟಿಮುಟ್ಟು ಅಂದ ಹಾಗಾಯಿತು.

ಎಲೆಯಲ್ಲಿ ಪ್ರೋಲಿನ್ ಎಷ್ಟಿದೆ ಅಂತ ಬರೆಯುವವರು ಆ ಎಲೆಯಲ್ಲಿ ನೀರು ಎಷ್ಟು ಉಳಿದಿತ್ತು ಅನ್ನುವುದನ್ನೂ ಬರೆಯಬೇಕು. ನೀರು ಸಿಕ್ಕ ಮೇಲೆ ಪ್ರೋಲಿನ್ ಎಷ್ಟು ಬೇಗ ಇಳಿಯಿತು ಅನ್ನುವುದನ್ನೂ ನೋಡಬೇಕು. ಪ್ರೋಲಿನ್ ಒಡೆಯುವ ಕಿಣ್ವ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿ ಇರುತ್ತದೆ. ಆ ಕಿಣ್ವಕ್ಕೆ ಬೇರೆಯದೇ ಜೀನ್ ಇದೆ.