ಕೆಮ್ಮಿದಾಗ ಎಷ್ಟು ನೋವು?

ಅಂಡಾಶಯ ಅಥವಾ ಗರ್ಭಕೋಶದ ಕ್ಯಾನ್ಸರಿಗೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೊಡಗಿಗೆ ಮರಳಿದ ಮಹಿಳೆಯರನ್ನು ನೋವು ಹೇಗಿದೆ ಎಂದು ಕೇಳಿದರೆ, ಹೆಚ್ಚಿನವರು ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಅಲುಗಾಡದೆ ಮಲಗಿದ್ದವರ ಮಟ್ಟಿಗೆ ಅದು ನಿಜವೂ ಹೌದು. ಅರವಳಿಕೆ ವೈದ್ಯನಾದ ನಾನು ಅಷ್ಟಕ್ಕೆ ಬಿಡದೆ, ಒಮ್ಮೆ ಕೆಮ್ಮಿಸಿ, ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು ಎಂದು ಕೇಳುತ್ತೇನೆ.

ಹೊಕ್ಕುಳನ್ನು ದಾಟಿ ಮೇಲಕ್ಕೂ ಸಾಗುವ ಉದ್ದನೆಯ ಗಾಯ ಪ್ರತಿ ಉಸಿರಿಗೂ ಎಳೆಯುವುದರಿಂದ, ನೋವಿಗೆ ಅಂಜಿ ಆಳವಿಲ್ಲದ ಉಸಿರಿನಲ್ಲೇ ದಿನ ಕಳೆದರೆ ಶ್ವಾಸಕೋಶದ ತಳಭಾಗ ಅರಳದೆ, ಕಫ ಕಟ್ಟಿಕೊಂಡು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನಡೆದಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಕ್ಯಾನ್ಸರ್ ಇದ್ದವರಲ್ಲಿ ಅದು ಮೊದಲೇ ಹೆಚ್ಚು.

ಆಸ್ಪತ್ರೆಯಲ್ಲಿ ಬೆನ್ನುಮೂಳೆಯೊಳಗೆ ನರಗಳ ಬಳಿಗೆ ಔಷಧಿ ಹರಿಸುವ ಎಪಿಡ್ಯೂರಲ್ ನಳಿಕೆಯೋ ಹೊಟ್ಟೆಯ ಗೋಡೆಯ ನರಗಳಿಗೆ ಕೊಟ್ಟ ಚುಚ್ಚುಮದ್ದೋ ನೋವನ್ನು ತಡೆದಿರುತ್ತದೆ. ಮನೆಗೆ ಬಂದ ಮೇಲೆ ಆಸರೆ ಮಾತ್ರೆಗಳದ್ದೇ. ಪ್ಯಾರಸಿಟಮಾಲನ್ನು ನೋವು ಬಂದಾಗ ನುಂಗುವುದಕ್ಕಿಂತ ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ, ಮೊದಲ ಕೆಲವು ದಿನ ತಪ್ಪದೆ ತೆಗೆದುಕೊಳ್ಳಬೇಕು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ತೊಂದರೆಯಿದ್ದವರಿಗೆ ಇನ್ನೂ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಇದಕ್ಕೆ ಒಳ್ಳೆಯ ಜೊತೆಗಾರರಾದರೂ ಮೂತ್ರಪಿಂಡದ ಪರೀಕ್ಷೆ ನೋಡದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ನಡೆಯುತ್ತಿದೆಯೇ ಎಂದು ಕೇಳದೆ ನಾನು ಬರೆಯುವುದಿಲ್ಲ.

ಹೆಚ್ಚಿನ ನೋವಿಗೆ ಬರೆಯುವ ಟ್ರಮಡಾಲ್, ಮಾರ್ಫಿನ್ ಎಂದರೆ ಚಟವಾದೀತೆಂದು ಮನೆಯವರು ಮಾತ್ರೆಯನ್ನು ಬೀರುವಿನಲ್ಲಿಟ್ಟು ಮರೆಯುವುದುಂಟು. ನಿಗದಿತ ಪ್ರಮಾಣದಲ್ಲಿ, ಕೆಲವೇ ದಿನಗಳ ಬಳಕೆಯಲ್ಲಿ ಆ ಭಯ ವಾಸ್ತವಕ್ಕಿಂತ ದೊಡ್ಡದು. ಇವುಗಳಿಂದ ದಿನನಿತ್ಯ ಕಾಡುವ ತೊಂದರೆ ಮಲಬದ್ಧತೆ. ತಿಣುಕಿದರೆ ಹೊಲಿಗೆಗೆ ಪೆಟ್ಟು. ಆದ್ದರಿಂದ ಈ ಮಾತ್ರೆಯೊಂದಿಗೇ ಮಲ ಸಡಿಲಿಸುವ ಔಷಧಿಯನ್ನೂ ಕೇಳಿ ಪಡೆಯಿರಿ. ಕಾಫಿ ನಾಡಿನವರಿಗೆ ಹೇಳಲು ಖುಷಿಯಾಗುವ ಸಂಗತಿಯೊಂದಿದೆ: ಸ್ತ್ರೀರೋಗ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 3 ಬಾರಿ ಕಾಫಿ ಕುಡಿದವರಲ್ಲಿ ಕರುಳಿನ ಚಲನೆ ಬೇಗ ಮರಳಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಶಸ್ತ್ರವೈದ್ಯರು ಬೇಡವೆನ್ನದಿದ್ದರೆ ನಾನೂ ತಡೆಯುವುದಿಲ್ಲ.

ಕೆಮ್ಮುವಾಗ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಿರಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಸೀಟ್‌ಬೆಲ್ಟಿಗೂ ಹೊಟ್ಟೆಗೂ ನಡುವೆ ತೆಳ್ಳನೆಯ ದಿಂಬೊಂದು ಇರಲಿ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದರೆ ಎಳೆತ ತಗ್ಗುತ್ತದೆ. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ, ವಾಂತಿಯೊಂದಿಗೆ ಹೊಟ್ಟೆಯುಬ್ಬರ, ಒಂದೇ ಕಾಲಿನ ಊತ ಅಥವಾ ಏದುಸಿರು ಕಂಡರೆ, ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.