ಆ ಮಾತು ಯಾರ ಕಿವಿಗೆ? ಸ್ವಗತ ಮತ್ತು ಮೊನೊಲಾಗ್

ಆಡಿಷನ್‌ಗೆ ಒಂದು ಮೊನೊಲಾಗ್ ಕಲಿತು ಬನ್ನಿ ಎಂದರೆ ಎಷ್ಟೋ ಹೊಸ ನಟರು ಸ್ವಗತವೊಂದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎರಡರಲ್ಲೂ ಒಬ್ಬರೇ ಬಹಳ ಹೊತ್ತು ಮಾತಾಡುವುದರಿಂದ ಗೊಂದಲ ಸಹಜ. ಆದರೆ ಮಾತಿನ ಉದ್ದ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಕಥೆಯೊಳಗೆ ಆ ಮಾತು ಯಾರ ಕಿವಿಗೆ ಬೀಳುತ್ತಿದೆ ಎಂದು ನೋಡಬೇಕು. ಸ್ವಗತದಲ್ಲಿ ಪಾತ್ರ ತನ್ನಲ್ಲೇ ಮಾತಾಡಿಕೊಳ್ಳುತ್ತದೆ. ಮೊನೊಲಾಗ್‌ನಲ್ಲಿ ಎದುರಿಗೊಬ್ಬ ಕೇಳುಗನಿದ್ದಾನೆ, ಅವನಿಂದ ಆಗಬೇಕಾದ ಕೆಲಸವೂ ಇದೆ. ವಿಶಾಲ ಅರ್ಥದಲ್ಲಿ ಸ್ವಗತವೂ ಮೊನೊಲಾಗ್‌ನ ಒಂದು ಬಗೆಯೇ, ಆದರೆ ತಾಲೀಮಿಗೆ ಇಳಿದಾಗ ಆ ಸಡಿಲ ಅರ್ಥ ಪ್ರಯೋಜನಕ್ಕೆ ಬರುವುದಿಲ್ಲ.

ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ಮೂರನೇ ಅಂಕ ಇದಕ್ಕೆ ಒಳ್ಳೆಯ ಪಾಠ. ಮೊದಲ ದೃಶ್ಯದ ಕೊನೆಗೆ ಸೀಸರನನ್ನು ಕೊಂದ ಹಂತಕರೆಲ್ಲ ಹೋದ ಮೇಲೆ ಅವನ ಗೆಳೆಯ ಆಂಟನಿ ಹೆಣದ ಬಳಿ ಒಬ್ಬನೇ ಉಳಿಯುತ್ತಾನೆ. ಈ ಕಟುಕರ ಜೊತೆ ಮೆತ್ತಗೆ ನಡೆದುಕೊಂಡದ್ದಕ್ಕೆ ಹೆಣದ ಕ್ಷಮೆ ಕೇಳುತ್ತಾನೆ, ರಕ್ತ ಹರಿಯುವ ಅಂತಃಕಲಹವನ್ನು ಕಣ್ಣಾರೆ ಕಂಡವನಂತೆ ಭವಿಷ್ಯ ನುಡಿಯುತ್ತಾನೆ. ಮಾತು ಹೆಣವನ್ನು ಉದ್ದೇಶಿಸಿದ್ದರೂ ಇದು ಸ್ವಗತವೇ: ಅಲ್ಲಿ ಕೇಳುವ ಕಿವಿಯಿಲ್ಲ, ಹಾಗಾಗಿ ಮುಚ್ಚಿಡುವುದೂ ಏನಿಲ್ಲ. ಮುಂದಿನ ದೃಶ್ಯದಲ್ಲಿ ಅದೇ ಆಂಟನಿ ಜನರೆದುರು ನಿಲ್ಲುತ್ತಾನೆ. ಸೀಸರನನ್ನು ಹೊಗಳಲು ಬಂದಿಲ್ಲ ಎನ್ನುತ್ತಲೇ ಹೊಗಳುತ್ತಾನೆ, ಹಂತಕರಲ್ಲೊಬ್ಬನಾದ ಬ್ರೂಟಸ್ ಗೌರವಸ್ಥ ಎಂದು ಮತ್ತೆ ಮತ್ತೆ ಹೇಳಿ ಆ ಪದದ ಮರ್ಯಾದೆಯನ್ನೇ ಕಳೆಯುತ್ತಾನೆ. ನಡುವೆ ದುಃಖ ಉಕ್ಕಿತೆಂದು ಮಾತು ನಿಲ್ಲಿಸುತ್ತಾನೆ. ಆ ಬಿಡುವಿನಲ್ಲಿ ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡು ಅವನ ಕಡೆ ವಾಲುತ್ತಾರೆ. ಮನದೊಳಗಿನ ಸಿಟ್ಟು ಎರಡೂ ಕಡೆ ಒಂದೇ, ಆದರೆ ಕೇಳುಗರು ಬಂದೊಡನೆ ಮಾತಿನ ಕಟ್ಟಡವೇ ಬದಲಾಯಿತು.

ರಂಗದ ಮೇಲೆ ಒಬ್ಬರೇ ಇದ್ದರೆ ಮಾತ್ರ ಸ್ವಗತ ಎಂಬ ನಿಯಮವೂ ಇಲ್ಲ. ಷೇಕ್ಸ್‌ಪಿಯರನದೇ 'ಹ್ಯಾಮ್ಲೆಟ್' ನಾಟಕದಲ್ಲಿ ರಾಜಕುಮಾರ ಹ್ಯಾಮ್ಲೆಟ್ ಬದುಕಿರಬೇಕೇ, ಬೇಡವೇ ಎಂದು ತೂಗುವಾಗ ಅವನು ಪ್ರೀತಿಸಿದ ಒಫೀಲಿಯಾ ಅಲ್ಲೇ ಇದ್ದಾಳೆ, ರಾಜ ಮತ್ತು ಅವಳ ತಂದೆ ಪೊಲೋನಿಯಸ್ ಮರೆಯಲ್ಲಿದ್ದಾರೆ. ಅವನು ಅವರನ್ನು ಉದ್ದೇಶಿಸಿ ಮಾತಾಡುತ್ತಿಲ್ಲ, ಅಷ್ಟು ಸಾಕು. ಒಫೀಲಿಯಾ ಕಣ್ಣಿಗೆ ಬಿದ್ದೊಡನೆ ಸ್ವಗತ ಮುಗಿಯುತ್ತದೆ.

ಸಂಸ್ಕೃತ ನಾಟ್ಯಪರಂಪರೆ ಇದನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದೆ. ರಂಗದ ಮೇಲಿನ ಎಲ್ಲರಿಗೂ ಕೇಳಿಸುವುದು ಪ್ರಕಾಶ, ಯಾರಿಗೂ ಕೇಳಿಸದ್ದು ಸ್ವಗತ. ಕಾಣದ ವ್ಯಕ್ತಿಯ ಮಾತು ಕೇಳಿದಂತೆ ನಟಿಸಿ, 'ಏನೆಂದೆ?' ಎಂದು ಅದನ್ನು ತಾನೇ ಹೇಳಿ ಉತ್ತರಿಸುವುದು ಆಕಾಶಭಾಷಿತ. ಒಬ್ಬನೇ ನಟ ಆಡುವ ನಾಟಕವಾದ ಭಾಣ ನಿಂತಿರುವುದು ಇದರ ಮೇಲೆ. ಆಡಿಷನ್‌ನಲ್ಲಿ ಮಾಡುವ ಮೊನೊಲಾಗ್‌ಗೆ ಇದೇ ಹತ್ತಿರದ ನೆಂಟ.

ಹಾಗಾಗಿ ಮೊನೊಲಾಗ್ ಅಭ್ಯಾಸ ಮಾಡುವಾಗ ಕೇಳುಗನ ಆಡದ ಉತ್ತರಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ: ಇಲ್ಲಿ ಮುಖ ತಿರುಗಿಸಿದ, ಇಲ್ಲಿ ಎದ್ದು ಹೊರಟ. ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿ ಆ ಉತ್ತರಗಳನ್ನು ಗಟ್ಟಿಯಾಗಿ ಹೇಳಿಸಿ, ಆಮೇಲೆ ಅವರನ್ನು ಸುಮ್ಮನಿರಿಸಿ. ಪ್ರತಿ ವಾಕ್ಯ ಹೊಸದಾಗಿ ಏಕೆ ಹುಟ್ಟುತ್ತದೆಂದು ಆಗ ಗೊತ್ತಾಗುತ್ತದೆ. ಇದನ್ನು ಬಿಟ್ಟವರ ಮೊನೊಲಾಗ್ ಭಾಷಣವಾಗುತ್ತದೆ. ಆಡಿಷನ್‌ನಲ್ಲಿ ಆ ಕಾಣದ ಕೇಳುಗನನ್ನು ಆಯ್ಕೆಗಾರರ ತಲೆಯಿಂದ ತುಸು ಮೇಲೆ ಅಥವಾ ಪಕ್ಕಕ್ಕೆ, ಒಂದೇ ಜಾಗದಲ್ಲಿ ನಿಲ್ಲಿಸಿ. ನೋಟ ಅಲೆದಾಡಿದರೆ ಎದುರಿಗೆ ಯಾರೂ ಇಲ್ಲವೆಂದು ತಕ್ಷಣ ತಿಳಿದುಬಿಡುತ್ತದೆ.

ಸ್ವಗತ ಕೆಡುವುದು ಬೇರೆ ಕಾರಣಕ್ಕೆ. ನಟ ಮೊದಲ ಸಾಲಿನಲ್ಲೇ ಕೊನೆಯ ಸಾಲಿನ ನಿರ್ಧಾರವನ್ನು ಮುಖದಲ್ಲಿ ಹೊತ್ತಿರುತ್ತಾನೆ, ದನಿ ಒಂದೇ ಶೋಕದಲ್ಲಿ ಎಳೆಯುತ್ತದೆ. ಹಾಗಾಗಬಾರದೆಂದರೆ ಯೋಚನೆ ಹೊರಳುವ ಜಾಗಗಳನ್ನು ಗುರುತುಮಾಡಿ, 'ಆದರೆ', 'ಹಾಗಾದರೆ' ಬರುವ ಕಡೆ ಉಸಿರು ತೆಗೆದುಕೊಳ್ಳಿ. ನೋಟವನ್ನು ನೆಲಕ್ಕೆ ಅಂಟಿಸಬೇಡಿ. ಷೇಕ್ಸ್‌ಪಿಯರನ ಸ್ವಗತಗಳು ಮೂರು ಕಡೆ ಜನ ತುಂಬಿರುತ್ತಿದ್ದ, ಹಗಲು ಬೆಳಕಿನ ಬಯಲು ರಂಗಕ್ಕಾಗಿ ಬರೆದಂಥವು. ಪ್ರೇಕ್ಷಕರ ಮುಖ ನಟನಿಗೆ ಕಾಣುತ್ತಿತ್ತು. ಅವರನ್ನು ನೇರ ನೋಡಿ, ನಿಮ್ಮ ಪಾತ್ರದ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯಾಗಿಯೇ ಅವರ ಮುಂದಿಡಿ.